ಜೀಬ್ರಾ ಕ್ರಾಸಿಂಗ್: ಅಂತರವೂ ಜಾಗವೂ ಮುಖ್ಯ

ಮಾನ್ಯ ಸಂಪಾದಕರೇ,

ಡಿವೈಡರ್ ಹಾರಿ ರಸ್ತೆ ದಾಟುವವರನ್ನು ಬಯ್ಯುವುದು ಸುಲಭ. ಅಲ್ಲಿಂದ ಹತ್ತಿರದ ಜೀಬ್ರಾ ಕ್ರಾಸಿಂಗ್ ಎಷ್ಟು ದೂರವಿದೆ ಎಂದು ಅಳೆಯುವವರು ಕಡಿಮೆ. ಎರಡು ಕ್ರಾಸಿಂಗ್‌ಗಳ ನಡುವೆ 400 ಮೀಟರ್ ಇದ್ದರೆ, ನಟ್ಟನಡುವೆ ಇರುವವರು ಎದುರಿನ ಅಂಗಡಿಗೆ ಹೋಗಲು 200 ಮೀಟರ್ ನಡೆದು, ದಾಟಿ, ಮತ್ತೆ 200 ಮೀಟರ್ ವಾಪಸು ಬರಬೇಕು. ಸೆಕೆಂಡಿಗೆ 1.2 ಮೀಟರ್ ನಡಿಗೆಯ ಲೆಕ್ಕಕ್ಕೆ ಇದು ಐದೂವರೆ ನಿಮಿಷ. 14 ಮೀಟರ್ ಅಗಲದ ರಸ್ತೆಯನ್ನು ನೇರವಾಗಿ ದಾಟಲು 12 ಸೆಕೆಂಡು ಸಾಕು. ಸುತ್ತು ಹಾಕಿ ಯಾರು ಹೋಗುತ್ತಾರೆ?

ದೆಹಲಿಗಾಗಿ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರದ ಸಂಚಾರ ಯೋಜನಾ ಕೇಂದ್ರವಾದ ಯುಟಿಟಿಪೆಕ್ ರೂಪಿಸಿದ ಬೀದಿ ವಿನ್ಯಾಸ ಮಾರ್ಗಸೂಚಿಯಲ್ಲಿ ಕ್ರಾಸಿಂಗ್‌ಗಳ ನಡುವೆ ವಸತಿ ಪ್ರದೇಶಕ್ಕೆ 80ರಿಂದ 250 ಮೀಟರ್, ವಾಣಿಜ್ಯ ಪ್ರದೇಶಕ್ಕೆ 80ರಿಂದ 150 ಮೀಟರ್ ಅಂತರ ಹೇಳಿದೆ. ಬೆಂಗಳೂರಿಗೂ ಅದು ಹೊಂದುತ್ತದೆ. ಹಾಗೆಂದು ಟೇಪು ಹಿಡಿದು ಸಮ ಅಂತರದಲ್ಲಿ ಪಟ್ಟೆ ಬಳಿದರೆ ಆಗದು. ಶಾಲೆಯ ಗೇಟು, ಮಾರುಕಟ್ಟೆ, ಬಸ್ ನಿಲ್ದಾಣ ನೋಡಿಯೇ ಜಾಗ ಗುರುತಿಸಬೇಕು.

ಬಸ್ ನಿಲ್ದಾಣದಲ್ಲಂತೂ ಕ್ರಾಸಿಂಗ್ ನಿಂತ ಬಸ್ಸಿನ ಹಿಂದೆಯೇ ಬರಬೇಕು. ಮುಂದಿದ್ದರೆ ಇಳಿದವರು ಬಸ್ಸಿನ ಮೂತಿ ಬಳಸಿ ರಸ್ತೆಗೆ ಕಾಲಿಡುತ್ತಾರೆ. ಬಲಗಡೆಯಿಂದ ನುಗ್ಗುವ ಬೈಕಿನವನಿಗೆ ಅವರು ಕಾಣುವುದು ಕೊನೇ ಗಳಿಗೆಯಲ್ಲಿ. ಒಂದೇ ದಿಕ್ಕಿಗೆ ಎರಡು ಲೇನ್ ಇದ್ದಲ್ಲೂ ಇದೇ ಅಪಾಯ: ಮೊದಲ ಲೇನಿನ ಕಾರು ಪಾಪ ನಿಂತುಕೊಳ್ಳುತ್ತದೆ, ಅದರ ಮರೆಯಲ್ಲಿ ದಾಟುತ್ತಿರುವವರು ಪಕ್ಕದ ಲೇನಿನವನಿಗೆ ಕಾಣುವುದಿಲ್ಲ. ಸ್ಟಾಪ್ ಲೈನನ್ನು ಪಟ್ಟೆಗೆ ತಾಗಿಸದೆ ಕೆಲವು ಮೀಟರ್ ಹಿಂದೆ ಎಳೆದರೆ ನೋಟ ತೆರೆದುಕೊಳ್ಳುತ್ತದೆ. ವೇಗದ ರಸ್ತೆಯಲ್ಲಿ ಬರೀ ಬಣ್ಣಕ್ಕೆ ಯಾರೂ ನಿಲ್ಲುವುದಿಲ್ಲ; ಸಿಗ್ನಲ್ ಬೇಕು, ಇಲ್ಲವೇ ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದ ಕ್ರಾಸಿಂಗ್.

ಪಟ್ಟೆ ನೇರವಾಗಿ ಡಿವೈಡರ್‌ನ ಬೇಲಿಗೆ ಹೋಗಿ ಮುಟ್ಟುವುದೂ ಉಂಟು! ಅಲ್ಲಿ ಪಟ್ಟೆಯಷ್ಟೇ ಅಗಲದ ದಾರಿ ಬಿಟ್ಟು, ತಳ್ಳುಗಾಡಿ ಅಥವಾ ಗಾಲಿಕುರ್ಚಿ ನಿಲ್ಲುವಷ್ಟು, ಎರಡು ಮೀಟರ್ ಆಳದ ತಂಗುಜಾಗ ಕೊಡಬೇಕು. ಆಗ ವಯಸ್ಸಾದವರು ಒಂದು ಸಲಕ್ಕೆ ಒಂದೇ ದಿಕ್ಕಿನ ವಾಹನ ನೋಡಿ ದಾಟಬಹುದು.

ಬಳ್ಳಾರಿ ರಸ್ತೆ, ಹೊಸೂರು ರಸ್ತೆಯಂಥ ಕಡೆ ಸ್ಕೈವಾಕ್ ಅನಿವಾರ್ಯವೆಂದು ಒಪ್ಪೋಣ. ಉಳಿದೆಡೆ ಅದನ್ನೇ ಪರಿಹಾರ ಎನ್ನುವುದು ಸರಿಯಲ್ಲ. ಸುಮಾರು ಆರು ಮೀಟರ್ ಏರಲು 15 ಸೆಂಟಿಮೀಟರಿನ 40 ಮೆಟ್ಟಿಲು ಹತ್ತಬೇಕು, ಅಷ್ಟೇ ಇಳಿಯಬೇಕು. ಲಿಫ್ಟ್ ಕೆಟ್ಟರೆ ಮೊಣಕಾಲು ನೋವಿನವರು ಮತ್ತೆ ಕೆಳಗಿನ ರಸ್ತೆಗೇ ಇಳಿಯುತ್ತಾರೆ.

ಇನ್ನು, ಡಾಂಬರು ಹಾಕಿದಾಗ ಮುಚ್ಚಿಹೋಗುವ ಪಟ್ಟೆಗೆ ಬೇರೆ ಟೆಂಡರ್‌ಗಾಗಿ ಕಾಯಿಸಬಾರದು. ಪಟ್ಟೆ, ಸ್ಟಾಪ್ ಲೈನ್, ಫುಟ್‌ಪಾತ್‌ನ ಇಳಿಜಾರು ಮೂರನ್ನೂ ಡಾಂಬರಿನ ಗುತ್ತಿಗೆಯಲ್ಲೇ ಸೇರಿಸಿ, ಅವು ಮುಗಿಯುವ ತನಕ ಬಿಲ್ ಪಾಸು ಮಾಡದಿರಲಿ.

– ರಸ್ತೆ ವಿನ್ಯಾಸ ಕೆಲಸದಲ್ಲಿರುವ ಓದುಗರು, ಬೆಂಗಳೂರು