ಹೊಸತೊಡಕಿನ ಇಸ್ಪೀಟು, ಮೇ ತಿಂಗಳ ಪಾಸ್‌ಪೋರ್ಟ್

ಸಂಪಾದಕರಿಗೆ,

ಮಾನ್ಯರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವ ಹೊತ್ತಿಗೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ದುಬೈ, ಸಿಂಗಪುರ, ಬ್ಯಾಂಕಾಕ್ ಪ್ಯಾಕೇಜುಗಳ ಫ್ಲೆಕ್ಸ್ ಏಳುತ್ತವೆ. ನಾಲ್ಕು ರಾತ್ರಿ ಐದು ಹಗಲು, ಸಸ್ಯಾಹಾರಿ ಊಟ, ಹಡಗಿನ ಮೇಲೆ ಡ್ಯಾನ್ಸು, ಎಲ್ಲವೂ ಅದರಲ್ಲಿರುತ್ತದೆ. ಪಾಸ್‌ಪೋರ್ಟ್ ವಿಷಯಕ್ಕೆ ಬಂದರೆ ಮಾತ್ರ ‘ಅದೇನ್ ಸಾರ್, ನಾವೇ ಮಾಡಿಸಿಕೊಡ್ತೀವಿ’ ಎಂಬ ಒಂದೇ ಮಾತು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಪ್ರವಾಸಗಳು ವಿಮಾನ ಹತ್ತುವ ಮೊದಲೇ ಮುಗ್ಗರಿಸುವುದು ಈ ಮಾತನ್ನು ನಂಬಿ.

ಪಾಸ್‌ಪೋರ್ಟ್ ಎಂದರೆ ಸರ್ಕಾರ ಮನಸ್ಸು ಬಂದಾಗ ಕೊಡುವ ಇನಾಮು ಎಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. 1967ರವರೆಗೆ ಸರ್ಕಾರದ ವಾದವೂ ಅದೇ ಆಗಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿದೇಶಕ್ಕೆ ಹೋಗಿಬರುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದಿತು. ಅದರ ಬೆನ್ನಿಗೇ ಪಾಸ್‌ಪೋರ್ಟ್ ಕಾಯ್ದೆ ಬಂತು. ಹತ್ತು ವರ್ಷದ ಮೇಲೆ, 1977ರಲ್ಲಿ, ‘ಸಾರ್ವಜನಿಕ ಹಿತ’ ಎಂದಷ್ಟೇ ಹೇಳಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಜಪ್ತಿ ಮಾಡಿದರು. ಕಾರಣ ಕೇಳಿದರೆ ಕೊಡಲಿಲ್ಲ. 1978ರ ಜನವರಿಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಒಬ್ಬರ ಸ್ವಾತಂತ್ರ್ಯಕ್ಕೆ ಕೈಹಾಕುವ ವಿಧಾನ ನ್ಯಾಯಯುತವಾಗಿಯೂ ಸಮಂಜಸವಾಗಿಯೂ ಇರಬೇಕು ಎಂದು ಹೇಳಿತು. ಇವತ್ತು ಯಾವ ಹಕ್ಕಿನ ವಾದಕ್ಕೂ ವಕೀಲರು ಎತ್ತಿಕೊಳ್ಳುವ ಆ ತೀರ್ಪು ಹುಟ್ಟಿದ್ದು ಒಂದು ಪಾಸ್‌ಪೋರ್ಟಿನ ಜಗಳದಲ್ಲಿ.

ದೆಹಲಿಯ ಆ ಮಾತು ನಮ್ಮ ಅರಳಿಕಟ್ಟೆಗೆ ಎಲ್ಲಿ ತಾಗುತ್ತದೆ ಎಂದರೆ, ಇಸ್ಪೀಟಿನಲ್ಲಿ.

ಯುಗಾದಿಗೆ, ಅದರಲ್ಲೂ ಹೊಸತೊಡಕಿನ ದಿನ, ಎಲೆ ಹಾಕದ ಊರು ನಮ್ಮ ಕಡೆ ಅಪರೂಪ. ತೆಂಗಿನ ತೋಟದಲ್ಲಿ ಎಂಟು ಜನ ಕೂತು ಅಂದರ್ ಬಾಹರ್ ಆಡುತ್ತಿರುತ್ತಾರೆ, ಜೀಪು ಬರುತ್ತದೆ. ಪಂಚನಾಮೆಯಲ್ಲಿ ಪಣಕ್ಕಿಟ್ಟ ಹಣ, 52 ಎಲೆ, ಕೆಳಗೆ ಹಾಸಿದ್ದ ಹಳೇ ನ್ಯೂಸ್‌ಪೇಪರ್ ಸಮೇತ ದಾಖಲಾಗುತ್ತದೆ. ಸ್ಟೇಷನ್ನಿನಲ್ಲೇ ಜಾಮೀನು ಕೊಟ್ಟು ಬಿಡುತ್ತಾರೆ. ಹುಡುಗರು ಮುಗೀತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಸೆಕ್ಷನ್ ಅಡಿ ಚಾರ್ಜ್‌ಶೀಟ್ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಹೋಗಿ, ಸಿ.ಸಿ. ನಂಬರ್ (ಕ್ರಿಮಿನಲ್ ಕೇಸಿನ ಸಂಖ್ಯೆ) ಬಿದ್ದು, ಸಮನ್ಸ್ ಜಾರಿಯಾಗದೆ ವರ್ಷಗಟ್ಟಲೆ ಕೊಳೆಯುತ್ತಿರುತ್ತದೆ. ಚೆಕ್ ಬೌನ್ಸ್ ಕೇಸುಗಳದ್ದೂ, ರಸ್ತೆ ತಡೆ ಚಳವಳಿಯಲ್ಲಿ ಕೂತವರ ಕೇಸುಗಳದ್ದೂ ಇದೇ ಪಾಡು. ಚೆಕ್ ಬೌನ್ಸನ್ನು ಜನ ಸಾಲದ ವ್ಯಾಜ್ಯ ಎಂದುಕೊಳ್ಳುತ್ತಾರೆ, ಆದರೆ ಅದು ಕ್ರಿಮಿನಲ್ ಕೋರ್ಟಿನ ಕೇಸು. ಜಮೀನಿನ ದಾವೆ ಹಾಗಲ್ಲ. ಅದು ಎಷ್ಟು ವರ್ಷ ನಡೆದರೂ ಪಾಸ್‌ಪೋರ್ಟಿಗೆ ಅಡ್ಡ ಬರುವುದಿಲ್ಲ.

ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಪ್ರಕಾರ ಕ್ರಿಮಿನಲ್ ಕೋರ್ಟಿನಲ್ಲಿ ಕೇಸು ಬಾಕಿ ಇದ್ದರೆ ಅರ್ಜಿ ತಿರಸ್ಕರಿಸಬೇಕು. ‘ಬಾಕಿ’ ಎಂಬ ಪದದ ಅರ್ಥ ಇಲ್ಲಿ ಮುಖ್ಯ. ಬರೀ ಎಫ್‌ಐಆರ್ ಆಗಿದ್ದರೆ, ತನಿಖೆ ನಡೆಯುತ್ತಿದ್ದರೆ ಅದು ಬಾಕಿ ಕೇಸಲ್ಲ. ಕೋರ್ಟು ಕಾಗ್ನಿಜೆನ್ಸ್ ತೆಗೆದುಕೊಂಡ, ಅಂದರೆ ಕೇಸನ್ನು ವಿಚಾರಣೆಗೆ ಅಂಗೀಕರಿಸಿದ ಮೇಲಷ್ಟೇ ಬಾಕಿ. ಹೀಗೆಂದು ವಿದೇಶಾಂಗ ಸಚಿವಾಲಯವೇ 2019ರ ಅಕ್ಟೋಬರ್ 10ರ ಜ್ಞಾಪನದಲ್ಲಿ ಸ್ಪಷ್ಟಪಡಿಸಿದೆ. ‘ಎಫ್‌ಐಆರ್ ಇದೆ, ಆಗಲ್ಲ ಹೋಗಿ’ ಎಂದವರಿಗೆ ಆ ಜ್ಞಾಪನದ ಒಂದು ಪ್ರತಿ ತೋರಿಸಿದರೆ ಸಾಕು.

ಹಾಗಾಗಿ ಅರ್ಜಿ ಹಾಕುವ ಮೊದಲು ಇ-ಕೋರ್ಟ್ಸ್ ಜಾಲತಾಣದಲ್ಲಿ ನಿಮ್ಮ ಹೆಸರು ಹುಡುಕಿ. ಕರ್ನಾಟಕ, ತುಮಕೂರು, ಆಮೇಲೆ ಶಿರಾ, ಮಧುಗಿರಿ, ತಿಪಟೂರು ಹೀಗೆ ಆಯಾ ಕೋರ್ಟ್ ಸಂಕೀರ್ಣ, ಪಕ್ಷಗಾರರ ಹೆಸರು, ವರ್ಷ. ಸ್ಟೇಷನ್ನಿನಲ್ಲಿ ಬರೆದುಕೊಂಡ ಇಂಗ್ಲಿಷ್ ಸ್ಪೆಲ್ಲಿಂಗ್ ನಿಮ್ಮ ಆಧಾರಿನಂತೆಯೇ ಇರುತ್ತದೆ ಎಂಬ ಭರವಸೆ ಬೇಡ. ಮಂಜುನಾಥ ಎಂಬುದನ್ನು ಎಚ್ ಸೇರಿಸಿಯೂ ಎಚ್ ಬಿಟ್ಟೂ ಹುಡುಕಬೇಕು.

ಕೇಸು ಸಿಕ್ಕಿತು ಅನ್ನಿ. ಮುಚ್ಚಿಡುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಅರ್ಜಿಯಲ್ಲಿ ‘ಕ್ರಿಮಿನಲ್ ಕೇಸು ಇದೆಯೇ’ ಎಂಬ ಪ್ರಶ್ನೆಗೆ ಸೈಬರ್ ಅಂಗಡಿಯ ಹುಡುಗರು ಕೇಳದೆಯೇ ‘ಇಲ್ಲ’ ಒತ್ತುತ್ತಾರೆ. ಗೊತ್ತಿದ್ದೂ ಹಾಗೆ ಮಾಹಿತಿ ಮುಚ್ಚಿಟ್ಟರೆ ಪಾಸ್‌ಪೋರ್ಟ್ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು, ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಇಸ್ಪೀಟಿಗಿಂತ ಇದು ದೊಡ್ಡ ಕೇಸು. ತತ್ಕಾಲ್‌ನಲ್ಲಿ ಪಾಸ್‌ಪೋರ್ಟ್ ಮೊದಲು ಬಂದು ಪೊಲೀಸ್ ಪರಿಶೀಲನೆ ಆಮೇಲೆ ನಡೆಯುವುದರಿಂದ ಬಚಾವಾದೆವು ಎಂದು ಟಿಕೆಟ್ ಬುಕ್ ಮಾಡುವವರಿದ್ದಾರೆ. ವರದಿ ಪ್ರತಿಕೂಲವಾಗಿ ಹೋದರೆ ಅದೇ ಕಾಯ್ದೆಯ 10(3)ರ ಅಡಿ ಜಪ್ತಿ ನೋಟಿಸ್ ಮನೆಗೆ ಬರುತ್ತದೆ. ಟಿಕೆಟ್ಟಿನ ದುಡ್ಡಂತೂ ವಾಪಸ್ ಬರುವುದಿಲ್ಲ.

ನೇರ ದಾರಿ ಕೇಂದ್ರ ಸರ್ಕಾರದ 1993ರ ಆಗಸ್ಟ್ 25ರ ಜಿಎಸ್‌ಆರ್ 570(ಇ) ಅಧಿಸೂಚನೆ. ಕೇಸು ನಡೆಯುತ್ತಿರುವ ಕೋರ್ಟಿನಿಂದಲೇ ಅನುಮತಿ ಆದೇಶ ಪಡೆದು, ಕರೆದಾಗ ಹಾಜರಾಗುತ್ತೇನೆ ಎಂಬ ಮುಚ್ಚಳಿಕೆ ಕೊಟ್ಟರೆ ಪಾಸ್‌ಪೋರ್ಟ್ ಕೊಡಬಹುದು. ಎಡವಟ್ಟಾಗುವುದು ಅರ್ಜಿಯ ಪ್ರಾರ್ಥನೆಯಲ್ಲಿ, ಅಂದರೆ ಕೋರ್ಟಿನಿಂದ ಏನು ಬೇಕೆಂದು ಕೇಳುವ ಭಾಗದಲ್ಲಿ. ‘ವಿದೇಶಕ್ಕೆ ಹೋಗಲು ಅನುಮತಿ ಕೊಡಬೇಕು’ ಎಂದಷ್ಟೇ ಕೇಳುತ್ತಾರೆ. ಕೋರ್ಟೂ ಕೇಳಿದ್ದಷ್ಟನ್ನೇ ಕೊಡುತ್ತದೆ. ಪಾಸ್‌ಪೋರ್ಟ್ ಎಷ್ಟು ವರ್ಷಕ್ಕೆ ಎಂದು ಆದೇಶ ಹೇಳದಿದ್ದರೆ, ಪ್ರವಾಸಕ್ಕೆ ಕೊಟ್ಟ ಅವಧಿಯೂ ವರ್ಷದೊಳಗೇ ಇದ್ದರೆ, ಅಧಿಸೂಚನೆಯ ಪ್ರಕಾರ ಸಿಗುವುದು ಒಂದೇ ವರ್ಷದ ಪಾಸ್‌ಪೋರ್ಟ್. ಪಾಸ್‌ಪೋರ್ಟಿನಲ್ಲಿ ಆರು ತಿಂಗಳ ಅವಧಿ ಉಳಿದಿರಲೇಬೇಕೆಂದು ಹಲವು ದೇಶಗಳು ಕೇಳುತ್ತವೆ. ಅಲ್ಲಿಗೆ ಕೈಗೆ ಬಂದ ಪುಸ್ತಕ ಬಳಕೆಗೆ ಬರುವುದು ಅರ್ಧ ವರ್ಷ, ಅದಕ್ಕೂ ಪೂರ್ತಿ 1,500 ರೂಪಾಯಿ ಶುಲ್ಕ.

ತಪ್ಪೊಪ್ಪಿಕೊಂಡು ದಂಡ ಕಟ್ಟಿ ಕೇಸು ಮುಗಿಸಿಕೊಳ್ಳಿ ಎಂಬ ಸಲಹೆಯೂ ಓಡಾಡುತ್ತದೆ. ಪಾಸ್‌ಪೋರ್ಟ್ ಮಟ್ಟಿಗೆ ಅದು ಸರಿಯೇ: ನೈತಿಕ ಅಧಃಪತನದ ಅಪರಾಧಕ್ಕೆ, ಹಿಂದಿನ ಐದು ವರ್ಷದಲ್ಲಿ, ಕನಿಷ್ಠ ಎರಡು ವರ್ಷ ಶಿಕ್ಷೆಯಾಗಿದ್ದರಷ್ಟೇ ಅಡ್ಡಿ. ಆದರೆ ಎಷ್ಟೋ ದೇಶಗಳ ವೀಸಾ ಅರ್ಜಿ ‘ಎಂದಾದರೂ ಶಿಕ್ಷೆಯಾಗಿದೆಯೇ’ ಎಂದು ಕೇಳುತ್ತದೆ, ದಂಡವೂ ಶಿಕ್ಷೆಯೇ. 87ನೇ ಸೆಕ್ಷನ್ ಅಸಂಜ್ಞೇಯ ಅಪರಾಧ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆ ಮಾಡುವಂತಿಲ್ಲ ಎಂಬ ಕಾರಣಕ್ಕೆ ಹೈಕೋರ್ಟ್ ಇಂಥ ಎಷ್ಟೋ ಕೇಸುಗಳನ್ನು ರದ್ದು ಮಾಡಿದೆ. ದಂಡ ಕಟ್ಟುವ ಮೊದಲು ಆ ಅನುಮತಿ ಫೈಲಿನಲ್ಲಿ ಇದೆಯೇ ನೋಡಿ.

ಇನ್ನು ಹೆಸರು. ನಮ್ಮಲ್ಲಿ ಇನಿಷಿಯಲ್ ಎಂದರೆ ಒಂದು ಅಕ್ಷರ ಊರಿನದು, ಇನ್ನೊಂದು ಅಪ್ಪನದು. ಪಾಸ್‌ಪೋರ್ಟಿಗೆ ಅದನ್ನು ಬಿಡಿಸಿ ಬರೆಯಬೇಕು. ಇನಿಷಿಯಲ್ ಕೈಬಿಟ್ಟು, ಸರ್‌ನೇಮ್ ಜಾಗ ಖಾಲಿ ಬಿಟ್ಟು, ಒಂದೇ ಪದದ ಹೆಸರು ಕೊಟ್ಟವರಿಗೆ 2022ರ ನವೆಂಬರಿನಲ್ಲಿ ಯುಎಇ ಬಾಗಿಲು ಹಾಕಿತು. ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆದೀತು ಎಂದು ಸಡಿಲಿಸಿತು. ಹೊಸದಾಗಿ ಮಾಡಿಸುವವರು ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಪೂರ್ತಿ ಬರೆಸಿ ನೆಮ್ಮದಿಯಾಗಿರುವುದು ಲೇಸು, ಅಂಕಪಟ್ಟಿ ಮತ್ತು ಆಧಾರ್ ಎರಡೂ ಅದಕ್ಕೆ ಹೊಂದುವಂತೆ ನೋಡಿಕೊಂಡು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಗುವಿನ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ದಾಖಲೆ.

ವಿಳಾಸಕ್ಕೆ ಈಗ ವಾಸವಿರುವ ಮನೆಯದನ್ನೇ ಕೊಡಿ. ಆಧಾರ್ ಪಾವಗಡದ್ದು, ಬಾಡಿಗೆ ಮನೆ ತುಮಕೂರಿನಲ್ಲಿ ಎಂದಾದರೆ ಪೊಲೀಸರು ಪಾವಗಡದಲ್ಲಿ ಹುಡುಕಿ ‘ಅರ್ಜಿದಾರರು ಸಿಗಲಿಲ್ಲ’ ಎಂದು ಬರೆದು ಕಳಿಸುತ್ತಾರೆ. ಹಾಗಾದರೂ ಹೊಸ ಅರ್ಜಿ ಬೇಕಿಲ್ಲ. ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ ವಿವರಣೆ ಕೊಟ್ಟು ಮರುಪರಿಶೀಲನೆ ಕೇಳಬಹುದು. ಪರಿಶೀಲನೆಗೆ ಬಂದವರಿಗೆ ಕಾಫಿ ಕೊಡುವುದು ನಮ್ಮ ಸಂಸ್ಕಾರ, ಕವರ್ ಕೊಡುವುದು ಅಲ್ಲ. ವಿದೇಶಾಂಗ ಸಚಿವಾಲಯ ಪ್ರತಿ ವರದಿಗೂ ರಾಜ್ಯ ಪೊಲೀಸ್ ಇಲಾಖೆಗೆ ಹಣ ಕೊಡುತ್ತದೆ, 21 ದಿನದೊಳಗೆ ವರದಿ ಸೇರಿದರೆ ಹೆಚ್ಚೇ ಕೊಡುತ್ತದೆ. ಪಾಸ್‌ಪೋರ್ಟ್ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಪಾಸ್‌ಪೋರ್ಟ್ ಕಾಯ್ದೆಯ 5(3)ರ ಪ್ರಕಾರ, ದೇಶದ ಭದ್ರತೆಯಂಥ ಕೆಲವು ಸಂದರ್ಭ ಬಿಟ್ಟರೆ, ಕೊಡಲೇಬೇಕು. ಮೇಲ್ಮನವಿಗೆ 30 ದಿನ ಇದೆ.

ಗಡಿ ದಾಟಿದ ಮೇಲೆ ನಮ್ಮ 21ನೇ ವಿಧಿ ಜೊತೆಗೆ ಬರುವುದಿಲ್ಲ, ನೆಂಟರ ಮನೆಗೆಂದು ಕಟ್ಟಿಕೊಂಡ ಕಜ್ಜಾಯವೂ ಕೆಲವು ಕಡೆ ಬರುವಂತಿಲ್ಲ. ಅದರ ಮೇಲೆ ಉದುರಿಸಿದ ಗಸಗಸೆ ಯುಎಇಯಲ್ಲಿ, ಸಿಂಗಪುರದಲ್ಲಿ ಮಾದಕ ವಸ್ತುವಿನ ಲೆಕ್ಕಕ್ಕೆ ಸೇರುತ್ತದೆ. ಮನೆಯಲ್ಲಿ ಮಾಡಿದ ಮಸಾಲೆ ಪುಡಿಗೆ ಗಸಗಸೆ ಹಾಕಿದ್ದರೂ ಅದೇ ಗತಿ. ದುಬೈ ಮಾಲ್‌ನಲ್ಲಿ ರೀಲ್ಸ್ ಮಾಡುವಾಗ ಅಪರಿಚಿತರ ಮುಖ ಹಿಡಿದು ಅನುಮತಿ ಇಲ್ಲದೆ ಹಾಕಿದರೆ ಜೈಲು, ಭಾರಿ ದಂಡ. ಥಾಯ್ಲೆಂಡಿನ ರಾಜರ ಬಗ್ಗೆ ತಮಾಷೆಯ ಮೀಮ್ ಹಾಕಿದರೆ ಅಲ್ಲಿನ ದಂಡಸಂಹಿತೆಯ 112ನೇ ವಿಧಿ 3ರಿಂದ 15 ವರ್ಷ ಒಳಗೆ ಕೂರಿಸುತ್ತದೆ. ಸಿಂಗಪುರದಲ್ಲಿ ಒಬ್ಬನೇ ಫಲಕ ಹಿಡಿದು ನಿಂತರೂ ಪೊಲೀಸ್ ಅನುಮತಿ ಬೇಕು. ಅಮೆರಿಕದ ವೀಸಾ ಅರ್ಜಿ 2019ರಿಂದಲೂ ಹಿಂದಿನ ಐದು ವರ್ಷದ ಸೋಷಿಯಲ್ ಮೀಡಿಯಾ ಖಾತೆಗಳ ಹೆಸರು ಕೇಳುತ್ತಿದೆ. ಪಾಸ್‌ಪೋರ್ಟೇ ಬೇಡವೆನ್ನುವವರಿಗೆ ನೇಪಾಳ ಇದೆ, ಮತದಾರರ ಗುರುತಿನ ಚೀಟಿ ಸಾಕು. 15 ದಾಟಿ 65ರೊಳಗಿನವರು ಬರೀ ಆಧಾರ್ ನಂಬಿ ವಿಮಾನ ನಿಲ್ದಾಣಕ್ಕೆ ಹೋಗಬಾರದು ಅಷ್ಟೆ.

ಆಗಬೇಕಾದ ಕೆಲಸ ಎರಡು. ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೌಂಟರಿನ ಮುಂದೆ ಅರ್ಜಿಯ ಮಾದರಿಯೊಂದನ್ನು ಕನ್ನಡದಲ್ಲಿ ತುಂಬಿ ತೂಗುಹಾಕಬೇಕು. ಹೆಸರಿನ ಅಂಕಣ ಮತ್ತು ಕೇಸಿನ ಅಂಕಣಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದರೆ ಇನ್ನೂ ಒಳ್ಳೆಯದು. ಜಿಲ್ಲೆಯ ವಕೀಲ ಮಿತ್ರರು ಜಿಎಸ್‌ಆರ್ 570(ಇ) ಅರ್ಜಿಯ ಪ್ರಾರ್ಥನೆಗೆ ಈ ಸಾಲು ಸೇರಿಸಿಕೊಳ್ಳಬೇಕು: ‘ಅರ್ಜಿದಾರರಿಗೆ ಹತ್ತು ವರ್ಷಗಳ ಅವಧಿಯ ಪಾಸ್‌ಪೋರ್ಟ್ ನೀಡಲು ಅನುಮತಿಸಿ ಆದೇಶಿಸಬೇಕೆಂದು ಕೋರಿಕೆ.’

— ಒಬ್ಬ ವಕೀಲ, ತುಮಕೂರು