ಹೊಳೆಗೆ ಇಳಿಯುವ ಮುಂಚೆ

ಪ್ರೀತಿಯ ಮಗಳೇ,

ಮೇ ರಜೆಗೆ ಗೆಳತಿಯರ ಜೊತೆ ತೀರ್ಥಹಳ್ಳಿಗೆ ಬರುತ್ತೀಯ, ತುಂಗೆಯಲ್ಲಿ ಈಜುತ್ತೀರಿ ಅಂತ ಕೇಳಿ ಖುಷಿಯಾಯಿತು. ಬೇಡ ಅನ್ನುವುದಿಲ್ಲ. ಆದರೆ ಅವರೆಲ್ಲ ಈಜು ಕಲಿತಿದ್ದು ಬೆಂಗಳೂರಿನ ಈಜುಕೊಳದಲ್ಲಿ. ಅಲ್ಲಿ ತಳ ಕಾಣುತ್ತದೆ, ಆಳ ಎಷ್ಟು ಅಂತ ಗೋಡೆ ಮೇಲೆ ಬರೆದಿರುತ್ತದೆ. ಹೊಳೆ ಹಾಗಲ್ಲ.

ನೀನು ಚಿಕ್ಕವಳಿದ್ದಾಗ ಸೊಂಟದವರೆಗೆ ನೀರಿದ್ದ ಜಾಗ ಈಗಲೂ ಹಾಗೇ ಇದೆ ಅಂದುಕೊಳ್ಳಬೇಡ. ಪ್ರತಿ ಮಳೆಗಾಲಕ್ಕೂ ಮರಳು ಸರಿಯುತ್ತದೆ, ಮರದ ದಿಮ್ಮಿ ಬಂದು ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮರಳು ತೆಗೆದ ಕಡೆ ಎರಡು ಹೆಜ್ಜೆ ಮೊಣಕಾಲುದ್ದ ನೀರು, ಮೂರನೇ ಹೆಜ್ಜೆಗೆ ಆಳು ಮುಳುಗುವ ಗುಂಡಿ. ಬಂಡೆ ಮೇಲಿಂದ ಹಾರಲೇಬೇಡಿ. ಕೋಲು ಹಿಡಿದು ನೆಲ ತಡಕುತ್ತಾ ಇಳಿಯಿರಿ. ಬಟ್ಟೆ ಒಗೆಯುವವರನ್ನೋ ದನ ಮೀಯಿಸುವವರನ್ನೋ ಕೇಳಿ. ಮಡು ಎಲ್ಲಿ, ಸುಳಿ ಎಲ್ಲಿ ಅಂತ ಅವರಿಗೆ ಗೊತ್ತು. ಅವರು ಬೇಡ ಅಂದ ಕಡೆ ಇಳಿಯಬೇಡಿ. ಚಿಬ್ಬಲಗುಡ್ಡೆಗೆ ಹೋದರೆ ಮೀನು ನೋಡಿಕೊಂಡು ಬನ್ನಿ. ಅದು ಮತ್ಸ್ಯಧಾಮ, ಈಜುವ ಜಾಗವಲ್ಲ.

ಬೆಳಿಗ್ಗೆಯೇ ಹೋಗಿ. ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಜಾಸ್ತಿ. ನಮ್ಮಲ್ಲಿ ಬಿಸಿಲಿದ್ದರೂ ಶೃಂಗೇರಿ ಕಡೆ ಹೊಯ್ದರೆ ಆ ನೀರು ಇಲ್ಲಿಗೇ ಬರಬೇಕು ಅಲ್ವಾ? ತಿಳಿನೀರು ಕೆಂಪಾಗಿ, ತರಗೆಲೆ, ಕಡ್ಡಿ ತೇಲಿ ಬರತೊಡಗಿದರೆ ಬ್ಯಾಗು, ಚಪ್ಪಲಿ ಅಂತ ನೋಡದೆ ದಡ ಹತ್ತಿ.

ಇದೊಂದನ್ನು ಗೆಳತಿಯರಿಗೆ ಓದಿ ಹೇಳು. ಮುಳುಗುವವರು ಸಾಮಾನ್ಯವಾಗಿ ಕೂಗುವುದಿಲ್ಲ. ಬಾಯಿ ನೀರಿನ ಮೇಲೆ ಬಂದು ಮತ್ತೆ ಒಳಗೆ ಹೋಗುತ್ತಿರುತ್ತದೆ, ಉಸಿರೆಳೆಯುವುದಕ್ಕೇ ಪುರುಸೊತ್ತಿರುವುದಿಲ್ಲ. ದೂರದಿಂದ ನೋಡಿದರೆ ಸುಮ್ನೆ ಆಟ ಆಡುತ್ತಿದ್ದಾಳೆ ಅನ್ನಿಸುತ್ತದೆ. ಹಾಗಾಗಿ ಒಬ್ಬಳು ದಡದಲ್ಲೇ ಕೂತು ನೀರನ್ನೇ ನೋಡುತ್ತಿರಲಿ, ಮೊಬೈಲ್ ಅಲ್ಲ. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ ಎಸೆಯಿರಿ, ಖಾಲಿ ಕ್ಯಾನ್ ಎಸೆಯಿರಿ, ದುಪಟ್ಟಾ ಚಾಚಿ. ಒಬ್ಬರನ್ನು ಉಳಿಸಲು ಹೋಗಿ ಮೂವರು ಹೋದ ಸುದ್ದಿ ಓದಿದಾಗೆಲ್ಲ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ. ಮೇಲೆತ್ತಿದವರ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡುವುದು ಬೇಡ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆ ಒತ್ತುತ್ತಾ ಇರಿ, ಇನ್ನೊಬ್ಬಳು 112ಕ್ಕೆ ಫೋನ್ ಮಾಡಲಿ.

ಬಾವಿಗೆ ತಂದ ಹೊಸ ನೈಲಾನ್ ಹಗ್ಗ ಮನೆಯಲ್ಲಿದೆ. ಮುಚ್ಚಳ ಬಿಗಿಯಾದ ಎರಡು ಕ್ಯಾನ್ ಅಮ್ಮ ತೊಳೆದಿಟ್ಟಿದ್ದಾಳೆ. ನಾನೂ ದಡಕ್ಕೆ ಬರುತ್ತೇನೆ. ಎಷ್ಟು ಜನ ಬರುತ್ತೀರಿ, ಅದರಲ್ಲಿ ಈಜು ಬಾರದವರು ಯಾರು ಅಂತ ಮೊದಲೇ ತಿಳಿಸು.

ನಿನ್ನ ಅಪ್ಪ