ರೇಸ್ ಕಾರಿನ ಚೆಲುವಿನ ವಾಚು: ಡಯಲ್ ಕೆಳಗಿನದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಹಳೆಯ ರೇಸ್ ಕಾರುಗಳನ್ನು ನೆನಪಿಸುವ ಸ್ಪೋರ್ಟಿ ಆಟೊಮ್ಯಾಟಿಕ್ (ಕೈಯ ಅಲುಗಾಟದಿಂದಲೇ ಕೀಲಿ ತುಂಬಿಕೊಳ್ಳುವ) ವಾಚುಗಳ ಬಗ್ಗೆ ಜೀವನಶೈಲಿ ಪುಟಗಳಲ್ಲಿ ಬರುವ ಬರಹಗಳು ಡಯಲ್‌ನ ಬಣ್ಣ, ತೂತು ಹೊಡೆದ ಚರ್ಮದ ಪಟ್ಟಿ ಇಷ್ಟನ್ನೇ ಹೊಗಳಿ ಮುಗಿಯುತ್ತವೆ. ಒಳಗೆ ಯಾವ ಯಂತ್ರವಿದೆ ಎಂಬುದೇ ಇರುವುದಿಲ್ಲ. ಕೊಳ್ಳುವವರು ಎಡವುವುದು ಅಲ್ಲೇ.

ಮೊದಲು ಟ್ಯಾಕಿಮೀಟರ್, ಅಂದರೆ ವೇಗ ಓದುವ ಮಾಪಕ. ಅದನ್ನು ಡಯಲ್‌ನಿಂದ ಹೊರಗಿನ ಬೆಜೆಲ್‌ಗೆ (ಗಾಜಿನ ಸುತ್ತಲಿನ ಬಳೆಗೆ) ತಂದದ್ದು 1957ರ ಒಮೆಗಾ ಸ್ಪೀಡ್‌ಮಾಸ್ಟರ್. ಲೆಕ್ಕ ಸರಳ: 3600ನ್ನು ಸೆಕೆಂಡುಗಳಿಂದ ಭಾಗಿಸಿದರೆ ವೇಗ. ಒಂದು ಕಿಲೋಮೀಟರಿಗೆ 30 ಸೆಕೆಂಡು ಹಿಡಿದರೆ ಗಂಟೆಗೆ 120, 45 ಸೆಕೆಂಡು ಹಿಡಿದರೆ 80. ಒಂದು ನಿಮಿಷ ಮೀರಿತೋ, ಸಾಮಾನ್ಯ ಮಾಪಕದಲ್ಲಿ ಓದಲು ಬರುವುದಿಲ್ಲ. ಇದಕ್ಕೆ ಬೇಕಾದಾಗ ಶುರುಮಾಡಿ ನಿಲ್ಲಿಸಬಲ್ಲ ಕ್ರೊನೋಗ್ರಾಫ್ (ಸ್ಟಾಪ್‌ವಾಚ್) ಮುಳ್ಳು ಬೇಕೇ ಬೇಕು. ಮೂರೇ ಮುಳ್ಳಿನ ವಾಚಿಗೆ ಈ ಬೆಜೆಲ್ ಹಾಕಿದ್ದರೆ ಅದು ಬರೀ ಅಲಂಕಾರ. ಸೆಕೆಂಡ್ ಮುಳ್ಳು 12ಕ್ಕೆ ಬರುವ ಹೊತ್ತಿಗೇ ಕಾರು ಕಿಲೋಮೀಟರ್ ಕಲ್ಲು ದಾಟಬೇಕು, ಅಂಥ ಯೋಗ ದಿನಾ ಬರುವುದಿಲ್ಲ! ಅಲಂಕಾರ ತಪ್ಪೇನಲ್ಲ, ಆದರೆ ಹಾಗೆಂದು ಬರೆಯಬೇಕು.

ಇನ್ನೊಂದು ಗೊಂದಲ 'ಅರವತ್ತರ ದಶಕದ ಆಟೊಮ್ಯಾಟಿಕ್ ರೇಸಿಂಗ್ ಕ್ರೊನೋಗ್ರಾಫ್' ಎಂಬ ಮಾತು. ಹೊಯರ್ ಕಂಪನಿಯ 1963ರ ಕರೇರಾ ಕೈಯಲ್ಲಿ ಕೀಲಿ ಕೊಡುವ ವಾಚು. ಮೆಕ್ಸಿಕೋದ ಕರೇರಾ ಪಾನಮೆರಿಕಾನಾ ರೇಸಿನಿಂದ ಅದರ ಹೆಸರು ಬಂತು. ಆಟೊಮ್ಯಾಟಿಕ್ ಕ್ರೊನೋಗ್ರಾಫ್ ಬಂದದ್ದು ಆ ದಶಕದ ಕೊನೆಯ ವರ್ಷ, 1969ರಲ್ಲಿ: ಜೆನಿತ್‌ನ ಎಲ್ ಪ್ರಿಮೆರೊ, ಸೈಕೋದ 6139, ಹೊಯರ್ ಮತ್ತು ಜೊತೆಗಾರರ ಕ್ಯಾಲಿಬರ್ 11 ಎಂಬ ಯಂತ್ರಗಳು. ಈ ಕೊನೆಯದನ್ನು ಹೊತ್ತ ಚೌಕಾಕಾರದ ಮೊನಾಕೊ ವಾಚಿನಲ್ಲಿ ಕ್ರೌನ್ (ಕೀಲಿ ಕೊಡುವ ಗುಂಡಿ) ಎಡಗಡೆ ಇತ್ತು.

ಡಯಲ್‌ನ ಗೆರೆಗಳನ್ನೂ ಯಂತ್ರದೊಂದಿಗೆ ಹೋಲಿಸಿ ನೋಡಬೇಕು. ಗಂಟೆಗೆ 18,000 ಬಡಿತದ ಹಳೆಯ ಯಂತ್ರದಲ್ಲಿ ಮುಳ್ಳು ಸೆಕೆಂಡಿಗೆ 5 ಹೆಜ್ಜೆ ಇಡುತ್ತದೆ; ಅಲ್ಲಿ ಐದನೇ ಒಂದು ಸೆಕೆಂಡಿನ ಗೆರೆ ಸರಿ. ಇಂದು ಬಹಳ ಕಡೆ ಸಿಗುವ 7750 ಎಂಬ ಕ್ರೊನೋಗ್ರಾಫ್ ಯಂತ್ರದ ಬಡಿತ 28,800, ಅಂದರೆ ಸೆಕೆಂಡಿಗೆ 8 ಹೆಜ್ಜೆ. ಅದರ ಮೇಲೂ ಐದನೇ ಒಂದರ ಗೆರೆ ಎಳೆದಿದ್ದರೆ ಮುಳ್ಳು ಬಹುಪಾಲು ಗೆರೆಗಳ ನಡುವೆಯೇ ನಿಲ್ಲುತ್ತದೆ. ಹಳೆಯ ಡಯಲನ್ನು ನೋಡಿ ನಕಲು ಮಾಡಿದ್ದರ ಗುರುತು ಅದು.

ದಪ್ಪವನ್ನು ಬರೆಯುವವರೇ ಇಲ್ಲ. 7750 ಯಂತ್ರವೊಂದೇ 7.9 ಮಿ.ಮೀ., ಮೂರು ಮುಳ್ಳಿನ ಈಟಿಎ ಕಂಪನಿಯ 2824-2 ಕೇವಲ 4.6 ಮಿ.ಮೀ. ಶರ್ಟಿನ ತೋಳಿನೊಳಗೆ ವಾಚು ಸರಿಯುವುದೋ ಇಲ್ಲವೋ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ಕೇಸಿನ ಅಗಲಕ್ಕಿಂತ ಮೇಲಿನ ಲಗ್ (ಪಟ್ಟಿ ಸಿಕ್ಕಿಸುವ ಕೊಂಬು) ತುದಿಯಿಂದ ಕೆಳಗಿನ ಲಗ್ ತುದಿಯವರೆಗಿನ ಅಳತೆ ಮುಖ್ಯ; ಅದು ಮಣಿಕಟ್ಟಿನ ಚಪ್ಪಟೆ ಭಾಗವನ್ನು ಮೀರಬಾರದು.

ಬಳಕೆಯ ವಿಷಯ. ನಿಂತುಹೋದ ವಾಚನ್ನು ಅಲ್ಲಾಡಿಸಿ ಎಬ್ಬಿಸುವುದು ಬೇಡ, ಕ್ರೌನನ್ನು 20–30 ಸುತ್ತು ತಿರುಗಿಸಿ ಕಟ್ಟಿಕೊಳ್ಳಿ. ದಿನವಿಡೀ ಕುರ್ಚಿಯಲ್ಲಿ ಕೂರುವವರ ಕೈಯಲ್ಲಿ ರೋಟರ್ (ಕೀಲಿ ತುಂಬುವ ಒಳಗಿನ ತೂಕದ ಅರೆಚಕ್ರ) ಸಾಕಷ್ಟು ತಿರುಗದೆ ವಾಚು ಬೆಳಗಿನ ಹೊತ್ತಿಗೆ ನಿಲ್ಲಬಹುದು, ಅದು ಕೆಟ್ಟಿದೆ ಎಂದಲ್ಲ. ರಾತ್ರಿ 9ರಿಂದ 3ರ ನಡುವೆ ತಾರೀಕು ಬದಲಿಸಬಾರದು. ಆಗ ತಾರೀಕಿನ ಹಲ್ಲುಚಕ್ರಗಳು ಕಚ್ಚಿಕೊಂಡಿರುತ್ತವೆ, ಬಲವಂತ ಮಾಡಿದರೆ ಹಲ್ಲು ಮುರಿಯಬಹುದು. ಮುಳ್ಳುಗಳನ್ನು 6ರ ಸುತ್ತಮುತ್ತ ತಂದುಕೊಂಡು ಬದಲಿಸಿದರೆ ಭಯವಿಲ್ಲ. ಕ್ರೊನೋಗ್ರಾಫ್ ಓಡುತ್ತಿರುವಾಗ ರೀಸೆಟ್ ಒತ್ತುವುದು ಫ್ಲೈಬ್ಯಾಕ್ (ಓಡುತ್ತಲೇ ಸೊನ್ನೆಗೆ ಮರಳಿ ಮತ್ತೆ ಶುರುವಾಗುವ) ಯಂತ್ರಕ್ಕೆ ಮಾತ್ರ ಸರಿ. ಉಳಿದವನ್ನು ಮೊದಲು ನಿಲ್ಲಿಸಬೇಕು.

ಸರಿಯಾಗಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಬಿಚ್ಚಿಸುವ ಮೊದಲು ಅಯಸ್ಕಾಂತದ ಅನುಮಾನ ಪಡಿ. ಸ್ಪೀಕರ್, ಟ್ಯಾಬ್ಲೆಟ್ ಕವರಿನ ಅಯಸ್ಕಾಂತ ತಗಲಿದರೆ ಬಡಿತ ನಿಯಂತ್ರಿಸುವ ತೆಳು ಸ್ಪ್ರಿಂಗ್ ಆದ ಹೇರ್‌ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿ ಬಡಿತ ಚುರುಕಾಗುತ್ತದೆ. ಹತ್ತಿರ ದಿಕ್ಸೂಚಿ ಹಿಡಿದಾಗ ಅದರ ಮುಳ್ಳು ಜೋರಾಗಿ ಅಲುಗಿದರೆ ಬಹುತೇಕ ಖಾತ್ರಿ. ಅಯಸ್ಕಾಂತ ಗುಣ ತೆಗೆಯುವ ಡಿಮ್ಯಾಗ್ನೆಟೈಸರ್‌ನಲ್ಲಿ ಅರೆಗಳಿಗೆಯ ಕೆಲಸ ಅದು, ಪೂರ್ತಿ ಸರ್ವಿಸ್‌ಗೆ ಒಪ್ಪಬೇಡಿ.

ನೀರಿನ ತಡೆ '30 ಮೀಟರ್' ಎಂದಿದ್ದರೆ ಕೈ ತೊಳೆಯುವಾಗ ಸಿಡಿವ ನೀರಿಗೆ ಸಾಕು, ಈಜಿಗಲ್ಲ. ನೀರಿನೊಳಗೆ ಬಟನ್ ಒತ್ತುವುದಂತೂ ಬೇಡವೇ ಬೇಡ.

ಮುಂದೆ ಇಂಥ ವಾಚಿನ ಬಗ್ಗೆ ಬರೆಯುವಾಗ ಯಂತ್ರದ ಹೆಸರು, ಬಡಿತ, ದಪ್ಪ, ಲಗ್ ತುದಿಯಿಂದ ತುದಿಯವರೆಗಿನ ಅಳತೆ, ನೀರಿನ ತಡೆ ಈ ಐದನ್ನು ಚಿತ್ರದ ಕೆಳಗೆ ಒಂದು ಸಾಲಿನಲ್ಲಾದರೂ ಅಚ್ಚು ಹಾಕಿ.

ಇಂತಿ,
ವಾಚ್ ರಿಪೇರಿ ಬಲ್ಲ ಓದುಗರು